ನಿಲ್ಲದ ಯಂತ್ರಕ್ಕೆ ಹೊಸ ಅಂಗ

2024ನೆಯ ಇಸವಿ ಆಗಸ್ಟ್ 10ನೆಯ ತಾರೀಖಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲು ನೀರಿನೊಡನೆ ಕೊಚ್ಚಿಹೋದ ಸಂಗತಿಯನ್ನು ರಾಯಚೂರು ಜಿಲ್ಲೆಯವರು ಯಾರೂ ಮರೆತಿರಲಾರರು. ಅಣೆಕಟ್ಟಿಗೆ ಇರುವ ಬಾಗಿಲುಗಳು 33. ಹೋದುದು ಒಂದೇ ಒಂದು. ಆದರೂ ಮಾನ್ವಿ, ಸಿಂಧನೂರುಗಳ ಗದ್ದೆಗಳಿಗೆ ಎಡದಂಡೆ ಕಾಲುವೆಯಿಂದ ಬರಬೇಕಾದ ನೀರು ಆ ಒಂದು ಕಂಡಿಯಿಂದಲೇ ಹರಿದುಹೋಗಬಹುದೆಂಬ ಭೀತಿ ಎಲ್ಲರನ್ನೂ ಆವರಿಸಿತು. ಬಾಗಿಲನ್ನು ಕೂರಿಸುವ ಸುಲಭದ ದಾರಿಯೆಂದರೆ ಜಲಾಶಯದ ನೀರನ್ನು ಬಾಗಿಲಿನ ಬುಡದವರೆಗೆ ಇಳಿಸಿ, ಒಣಗಿದ ಜಾಗದಲ್ಲಿ ನಿಂತು ಕೆಲಸ ಮಾಡುವುದು. ಆದರೆ ಹಾಗೆ ಮಾಡಿದರೆ ಉಳಿಸಬೇಕಾದ ನೀರನ್ನೇ ಕಳೆದುಕೊಂಡಂತಾಗುವುದು. ಆದುದರಿಂದ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇಂಜಿನಿಯರುಗಳೂ ಕೆಲಸಗಾರರೂ ಮತ್ತೊಂದು ದಾರಿಯನ್ನು ಹಿಡಿದರು. ಆಗಸ್ಟ್ 16 ಮತ್ತು 17ರಂದು ನೀರು ಹರಿಯುತ್ತಿರುವಾಗಲೇ ಉಕ್ಕಿನ ಅಡ್ಡತುಂಡುಗಳನ್ನು ಒಂದರ ಮೇಲೊಂದರಂತೆ ಇಳಿಸಿ ಕಂಡಿಯನ್ನು ಮುಚ್ಚಿದರು.

ಈ ಘಟನೆಯನ್ನು ನಾವು ಇಲ್ಲಿ ನೆನೆದುದಕ್ಕೆ ಒಂದು ಕಾರಣವುಂಟು. ನಮ್ಮ ಭೌತಶಾಸ್ತ್ರದ ತರಗತಿಗೆ ದೇವದುರ್ಗದಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ಹೀಗೆ ಕೇಳಿದನು: "ಮನೆಯ ಗಣಕದೊಳಗೆ ಒಂದು ಕಾರ್ಡನ್ನು ಬದಲಿಸಬೇಕಾದರೆ ಮೊದಲು ವಿದ್ಯುತ್ತನ್ನು ಆರಿಸಬೇಕೆಂದು ಹೇಳುತ್ತೀರಿ. ಆದರೆ ದೂರವಾಣಿ ಕೇಂದ್ರದಲ್ಲಿ ಯಂತ್ರ ನಡೆಯುತ್ತಿರುವಾಗಲೇ ಒಬ್ಬರು ಕಾರ್ಡನ್ನು ಎಳೆದು ತೆಗೆದು ಇನ್ನೊಂದನ್ನು ತಳ್ಳಿದುದನ್ನು ನಾನು ಕಣ್ಣಾರೆ ಕಂಡೆ. ಒಂದು ದೀಪವೂ ಆರಲಿಲ್ಲ. ಅದು ಹೇಗೆ ಸಾಧ್ಯ?" ಪ್ರಶ್ನೆ ಬಹಳ ಚೆನ್ನಾಗಿದೆ. ಇದಕ್ಕೆ ಉತ್ತರ ಹೇಳಹೊರಟರೆ ಧಾರಕ, ರೋಧ, ವಿಭವ ಮುಂತಾದ ನಮ್ಮ ಪಠ್ಯಪುಸ್ತಕದ ಹಳೆಯ ಮಿತ್ರರೆಲ್ಲರೂ ಬಂದು ಸೇರುವರು. ಅಷ್ಟೇ ಸಾಲದೆಂದು ಗಣಕದ ಕಾರ್ಯಾಚರಣ ವ್ಯವಸ್ಥೆಯೂ, ಎಂದರೆ ಆಪರೇಟಿಂಗ್ ಸಿಸ್ಟಮ್ಮೂ, ಮುಂದೆ ಬಂದು ನಿಲ್ಲುವುದು.

ಚಾಲನೆಯಲ್ಲಿರುವ ಯಂತ್ರದಿಂದ, ಅದನ್ನು ನಿಲ್ಲಿಸದೆಯೇ, ಒಂದು ಬೋರ್ಡನ್ನು ತೆಗೆದು ಬೇರೊಂದನ್ನು ಹಾಕುವ ಕ್ರಿಯೆಗೆ ತಂತ್ರಜ್ಞರು 'ಹಾಟ್ ಸ್ವಾಪ್' ಎಂದು ಹೆಸರಿಟ್ಟಿರುವರು. ನಾವು ಇದನ್ನು 'ಚಾಲ್ತಿ ಬದಲಾವಣೆ' ಎಂದು ಕರೆಯೋಣ.

ನಿಲ್ಲಿಸಲಾಗದ ಯಂತ್ರಗಳು

ಯಂತ್ರವನ್ನು ಒಂದು ಗಳಿಗೆ ನಿಲ್ಲಿಸಿದರೆ ಏನು ಮುಳುಗಿಹೋಗುವುದು ಎಂದು ಕೆಲವರು ಕೇಳಬಹುದು. ಹಿಟ್ಟಿನ ಗಿರಣಿಯನ್ನು ನಿಲ್ಲಿಸಬಹುದು. ಹತ್ತಿಯ ಗಿರಣಿಯನ್ನೂ ನಿಲ್ಲಿಸಬಹುದು. ಆದರೆ ದೂರವಾಣಿ ಕೇಂದ್ರವನ್ನು ನಿಲ್ಲಿಸಿದ ಗಳಿಗೆಯಲ್ಲಿಯೇ ಯಾರೋ ಒಬ್ಬರು ಹೆರಿಗೆಯ ನೋವಿನಲ್ಲಿರುವ ಮಗಳಿಗಾಗಿ ವೈದ್ಯರನ್ನು ಕರೆಯುತ್ತಿರಬಹುದು. ಯಾವ ಗಳಿಗೆಯಲ್ಲಿ ಯಾರಿಗೆ ಬೇಕಾಗುವುದೆಂದು ಮೊದಲೇ ತಿಳಿಯುವುದಿಲ್ಲವಾದುದರಿಂದ ಅಂಥ ಯಂತ್ರವು ಎಲ್ಲ ಗಳಿಗೆಯಲ್ಲಿಯೂ ಸಿದ್ಧವಾಗಿರಬೇಕು.

ದೂರವಾಣಿಯವರು ಇದನ್ನು ಬಹಳ ಹಿಂದೆಯೇ ಮನಗಂಡಿದ್ದರು. ಅಮೆರಿಕಾದ ನ್ಯೂಜೆರ್ಸಿ ಸಂಸ್ಥಾನದ ಸಕಾಸನ್ನ ಎಂಬ ಊರಿನಲ್ಲಿ 1965ರಲ್ಲಿ ಬೆಲ್ ಸಂಸ್ಥೆಯವರು ತಮ್ಮ ಮೊದಲನೆಯ ದೊಡ್ಡ ವಿದ್ಯುನ್ಮಾನ ದೂರವಾಣಿ ಕೇಂದ್ರವನ್ನು ತೆರೆದಾಗ ಅದಕ್ಕೆ ಇಟ್ಟುಕೊಂಡ ಗುರಿಯೇನೆಂದರೆ, 40 ವರ್ಷಗಳಲ್ಲಿ ಒಟ್ಟು 2 ಗಂಟೆಗಳಿಗಿಂತ ಹೆಚ್ಚು ಕಾಲ ಅದು ನಿಲ್ಲಬಾರದು ಎಂಬುದು. ಇದನ್ನು ಸಾಧಿಸಲು ಅವರು ಮುಖ್ಯ ಭಾಗಗಳನ್ನೆಲ್ಲಾ ಜೋಡಿಯಾಗಿ ಇಟ್ಟರು. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ಮುಂದುವರಿಸುವುದು. ಅಷ್ಟರೊಳಗೆ ಕೆಟ್ಟುದನ್ನು ಸರಿಪಡಿಸಬಹುದು.

ನಮ್ಮ ದೇಶದಲ್ಲಿ 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗೆ ತಕ್ಕ ಸಣ್ಣ ವಿದ್ಯುನ್ಮಾನ ಕೇಂದ್ರವನ್ನು ರೂಪಿಸಿದರು. ಅದರ ಮೊದಲನೆಯದು 1986ರಲ್ಲಿ ನೆಲೆಗೊಂಡುದು ನಮ್ಮ ಕರ್ನಾಟಕದಲ್ಲಿಯೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. 128 ಸಂಪರ್ಕ ದ್ವಾರಗಳುಳ್ಳ ಆ ಯಂತ್ರಕ್ಕೆ ತಂಪು ಕೋಣೆಯ ಅಗತ್ಯವಿರಲಿಲ್ಲ. ಬೇಸಗೆಯ ಸೆಕೆಯಲ್ಲಿಯೂ ದುಡಿಯುವಂತೆ ಅದನ್ನು ಕಟ್ಟಿದ್ದರು. ಅದು ಎಲ್ಲ ಕೆಲಸವನ್ನೂ ಕಪಾಟಿನಲ್ಲಿ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿದ ಕಾರ್ಡುಗಳಲ್ಲಿ ಹಂಚಿಕೊಂಡಿದ್ದ ಯಂತ್ರ. ತಂತ್ರಜ್ಞರು ಪಟ್ಟಣದಿಂದ ಬಂದು ಹೋಗಬೇಕಾದ ಹಳ್ಳಿಗಳಲ್ಲಿ ಇಂಥ ರಚನೆಯಿಂದ ದೊಡ್ಡ ಅನುಕೂಲವಿದೆ. ಕೆಟ್ಟ ಕಾರ್ಡನ್ನು ಸ್ಥಳದಲ್ಲಿಯೇ ಬಿಚ್ಚಿ ಕುಳಿತುಕೊಳ್ಳಬೇಕಾಗಿಲ್ಲ; ಒಳ್ಳೆಯ ಕಾರ್ಡನ್ನು ಹಾಕಿ, ಕೆಟ್ಟುದನ್ನು ಚೀಲದಲ್ಲಿಟ್ಟುಕೊಂಡು ಕಾರ್ಯಾಗಾರಕ್ಕೆ ಒಯ್ದರಾಯಿತು.

ಸಾಮಾನ್ಯ ಗಣಕಗಳ ಲೋಕದಲ್ಲಿಯೂ ಇದೇ ಮಾತು. ಒಂದು ಭಾಗ ಕೆಟ್ಟರೂ ನಿಲ್ಲದ ಗಣಕವನ್ನು ಟ್ಯಾಂಡೆಮ್ ಎಂಬ ಸಂಸ್ಥೆಯವರು 1976ರಲ್ಲಿ ಒಂದು ಬ್ಯಾಂಕಿಗೆ ಒದಗಿಸಿದರು. 1997ರಲ್ಲಿ ಸನ್ ಸಂಸ್ಥೆಯವರು ತಂದ ಒಂದು ದೊಡ್ಡ ಗಣಕದಲ್ಲಿ 16 ಬೋರ್ಡುಗಳ ಮೇಲೆ 64 ಸಂಸ್ಕಾರಕಗಳವರೆಗೆ ಕೂರಿಸಬಹುದಾಗಿದ್ದಿತು. ಯಂತ್ರ ನಡೆಯುತ್ತಿರುವಾಗಲೇ ಬೋರ್ಡುಗಳನ್ನು ಸೇರಿಸಲೂ ತೆಗೆಯಲೂ ಅವಕಾಶವಿದ್ದಿತು. 1998ರಲ್ಲಿ ಕಾಂಪ್ಯಾಕ್ಟ್ ಪಿಸಿಐ ಎಂಬ ಕೈಗಾರಿಕಾ ಗಣಕಗಳಿಗಾಗಿ ಚಾಲ್ತಿ ಬದಲಾವಣೆಯ ನಿಯಮಾವಳಿಯೊಂದು ಹೊರಬಂದಿತು. ನಾವು ಮುಂದೆ ಹೇಳುವ ವಿವರಗಳು ಹೆಚ್ಚಾಗಿ ಆ ನಿಯಮಾವಳಿಯನ್ನು ಅನುಸರಿಸಿವೆ.

ಮೊದಲನೆಯ ಶತ್ರು: ಹಸಿದ ಧಾರಕ

ಸುಮ್ಮನೆ ತಳ್ಳಿದರೆ ಏನಾಗುವುದೆಂಬುದನ್ನು ನಾವು ಸ್ವಾನುಭವದಿಂದ ಬಲ್ಲೆವು. ವಿದ್ಯಾರ್ಥಿ ದೆಸೆಯಲ್ಲಿ ನಾವೊಮ್ಮೆ ಪ್ರಯೋಗಶಾಲೆಯ ಅಭ್ಯಾಸ ಗಣಕಕ್ಕೆ, ಅದು ಚಾಲನೆಯಲ್ಲಿರುವಾಗಲೇ, ಒಂದು ಕಾರ್ಡನ್ನು ತಳ್ಳಿದೆವು. ಒಂದು ಚಟ್ ಎಂಬ ಸದ್ದು, ಸ್ವಲ್ಪ ಸುಟ್ಟ ವಾಸನೆ, ಅಷ್ಟೆ. ಎರಡು ಬಿಲ್ಲೆಗಳು ಹೋದುವು. ಹೊಸವು ಬರುವವರೆಗೆ ಎರಡು ವಾರಗಳ ಕಾಲ ಇಡೀ ತರಗತಿ ಆ ಪ್ರಯೋಗವಿಲ್ಲದೆ ಕುಳಿತಿತು. ನಮ್ಮ ಅವಸರಕ್ಕೆ ಸಹಪಾಠಿಗಳು ದಂಡ ತೆತ್ತರು. ಅಂದು ಏಕೆ ಹಾಗಾಯಿತೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಪ್ರತಿಯೊಂದು ಬೋರ್ಡಿನ ಮೇಲೂ ವಿಭವವನ್ನು ಸ್ಥಿರವಾಗಿಡಲು ಅನೇಕ ಧಾರಕಗಳಿರುತ್ತವೆ. ಅವೆಲ್ಲಾ ಸೇರಿ 1000 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳಿ. ಹೊರಗಿನಿಂದ ತಂದ ಬೋರ್ಡಿನಲ್ಲಿ ಇವು ಬರಿದಾಗಿರುತ್ತವೆ. ಬರಿದಾದ ಧಾರಕವು, ಸಂಪರ್ಕವಾದ ಆ ಕ್ಷಣದಲ್ಲಿ, ಬರಿಯ ತಂತಿಯಂತೆಯೇ ವರ್ತಿಸುವುದು. ಪೂರೈಕೆಯ ವಿಭವ 5 ವೋಲ್ಟ್, ದಾರಿಯ ಒಟ್ಟು ರೋಧ 0.05 ಓಮ್ ಆದರೆ, ಓಮನ ನಿಯಮದಂತೆ ಮೊದಲ ಕ್ಷಣದ ಪ್ರವಾಹ 5 ಭಾಗಿಸು 0.05, ಎಂದರೆ 100 ಆಂಪಿಯರ್! ರೋಧವನ್ನೂ ಧಾರಕತೆಯನ್ನೂ ಗುಣಿಸಿದರೆ 50 ಮೈಕ್ರೋಸೆಕೆಂಡು ಬರುವುದು. ಅಂಥ ಕೆಲವು ಅವಧಿಗಳಲ್ಲಿಯೇ ಈ ಪ್ರವಾಹ ಅಡಗಿಹೋಗುವುದು ನಿಜ. ಆದರೆ ಅಷ್ಟು ಹೊತ್ತು ಸಾಕು. 20 ಆಂಪಿಯರ್ ಮಾತ್ರ ಕೊಡಬಲ್ಲ ಪೂರೈಕೆಯ ವಿಭವ ಕುಸಿಯುವುದು, ಪಕ್ಕದ ಬೋರ್ಡುಗಳೆಲ್ಲ ತತ್ತರಿಸುವುವು, ಸಂಪರ್ಕದ ಮೊನೆಗಳಲ್ಲಿ ಕಿಡಿ ಹಾರುವುದು.

ಪರಿಹಾರವೂ ಪಠ್ಯಪುಸ್ತಕದಲ್ಲಿಯೇ ಇದೆ. 1000 ಮೈಕ್ರೋಫ್ಯಾರಡ್ ಧಾರಕವನ್ನು 5 ವೋಲ್ಟಿಗೆ ತುಂಬಲು ಬೇಕಾದ ಆವೇಶ 5 ಮಿಲಿಕೂಲಂಬ್. ಇದನ್ನು ಒಮ್ಮೆಗೇ ಸುರಿಯದೆ 10 ಮಿಲಿಸೆಕೆಂಡುಗಳ ಕಾಲ ಸಮನಾಗಿ ಹರಿಸಿದರೆ ಪ್ರವಾಹ ಅರ್ಧ ಆಂಪಿಯರ್ ಮಾತ್ರ. ಆದುದರಿಂದ ಬೋರ್ಡಿನ ಹೊಸ್ತಿಲಲ್ಲಿ ಒಂದು ಟ್ರಾನ್ಸಿಸ್ಟರನ್ನು ದ್ವಾರಪಾಲಕನಂತೆ ನಿಲ್ಲಿಸುವರು. ಅದು ಮೆಲ್ಲಮೆಲ್ಲನೆ ತೆರೆದುಕೊಂಡು ಪ್ರವಾಹವನ್ನು ಮಿತಿಯಲ್ಲಿ ಒಳಬಿಡುವುದು. ಕಾಲುವೆಯ ತೂಬನ್ನು ಒಮ್ಮೆಗೇ ಎತ್ತಿದರೆ ಬದು ಒಡೆಯುವುದೆಂದು ಬಲ್ಲ ರೈತನು ಮಾಡುವುದೂ ಇದನ್ನೇ ಅಲ್ಲವೆ?

ಎರಡನೆಯ ಶತ್ರು: ಕಲಕಿದ ತಂತಿಗಳು

ಒಂದು ಯಂತ್ರದ ಬೋರ್ಡುಗಳೆಲ್ಲವೂ ಸಾಮಾನ್ಯವಾಗಿ ಒಂದೇ ತಂತಿಗಳ ಗುಂಪಿನ ಮೇಲೆ ಮಾತನಾಡುತ್ತಿರುತ್ತವೆ. ಇದು ಊರಿನ ಒಂದೇ ರಸ್ತೆಯಂತೆ. ಇದಕ್ಕೆ ಬಸ್ ಎಂದು ಹೆಸರು. ಎರಡು ಬೋರ್ಡುಗಳು ಮಾತಿನಲ್ಲಿ ತೊಡಗಿರುವಾಗ ಮೂರನೆಯದು ಬಂದು ಆ ತಂತಿಗಳನ್ನು ಮುಟ್ಟಿದರೆ ಏನಾಗುವುದು? ಒಂದು ತಂತಿಯ ಧಾರಕತೆ 60 ಪೈಕೋಫ್ಯಾರಡ್, ಅದರ ಮೇಲಿನ ವಿಭವ 3 ವೋಲ್ಟ್ ಎನ್ನೋಣ. ಹೊಸ ಬೋರ್ಡಿನ ಮೊನೆಯ ಧಾರಕತೆ 10 ಪೈಕೋಫ್ಯಾರಡ್, ವಿಭವ ಸೊನ್ನೆ. ಇವೆರಡೂ ಕೂಡಿದಾಗ ಆವೇಶ ಹಂಚಿಹೋಗಿ ವಿಭವ 180 ಭಾಗಿಸು 70, ಎಂದರೆ ಸುಮಾರು 2.57 ವೋಲ್ಟಿಗೆ ಇಳಿಯುವುದು. 'ಒಂದು' ಎಂದು ಹೇಳುತ್ತಿದ್ದ ತಂತಿ ಆ ಕ್ಷಣಕ್ಕೆ ತೊದಲಿದಂತಾಯಿತು.

ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸೊಗಸಾದುದು. ಹೊಸ ಬೋರ್ಡು ತನ್ನ ಮೊನೆಗಳನ್ನು, ಬಸ್ಸಿನ ತಂತಿಗಳನ್ನು ಮುಟ್ಟುವುದಕ್ಕೆ ಮುಂಚೆಯೇ, ಸುಮಾರು 1 ವೋಲ್ಟಿಗೆ ಏರಿಸಿಕೊಳ್ಳುವುದು. ಆಗ 3 ವೋಲ್ಟಿನ ತಂತಿ 2.71 ವೋಲ್ಟಿಗೆ ಇಳಿಯುವುದು. ಸೊನ್ನೆಯ ತಂತಿ 0.14 ವೋಲ್ಟಿಗೆ ಏರುವುದು. ಎರಡೂ ಕಡೆ ಪೆಟ್ಟು ಅಲ್ಪ. ಸಭೆ ನಡೆಯುತ್ತಿರುವಾಗ ತಡವಾಗಿ ಬಂದವನು ಸದ್ದಿಲ್ಲದೆ ಹಿಂದಿನ ಸಾಲಿನಲ್ಲಿ ಕೂರುವಂತೆ ಎನ್ನಬಹುದು.

ಆದರೆ ಮುಟ್ಟುವುದಕ್ಕೆ ಮುಂಚೆ ವಿಭವ ಬರುವುದಾದರೂ ಎಲ್ಲಿಂದ? ಇಲ್ಲಿ ಬಡಗಿಯ ಬುದ್ಧಿ ಕೆಲಸಕ್ಕೆ ಬರುವುದು. ಸಂಪರ್ಕದ ಮೊನೆಗಳನ್ನು ಒಂದೇ ಉದ್ದಕ್ಕೆ ಮಾಡದೆ ಮೂರು ಉದ್ದಗಳಲ್ಲಿ ಮಾಡುವರು. ಎಲ್ಲಕ್ಕಿಂತ ಉದ್ದನೆಯವು ಭೂಸಂಪರ್ಕ ಮತ್ತು ವಿದ್ಯುತ್ಪೂರೈಕೆಯವು. ಅವು ಮೊದಲು ಮುಟ್ಟುತ್ತವೆ. ನಡುವಣ ಉದ್ದದವು ಸಂಕೇತಗಳವು, ಅವು ಆಮೇಲೆ. ಎಲ್ಲಕ್ಕಿಂತ ಗಿಡ್ಡನೆಯ ಮೊನೆ ಒಂದೇ ಒಂದು. 'ಬೋರ್ಡು ಪೂರ್ತಿಯಾಗಿ ಕುಳಿತಿತು' ಎಂದು ಸಾರುವುದು ಅದರ ಕೆಲಸ. ಅದು ಮುಟ್ಟಿದ ಮೇಲೆಯೇ ಬೋರ್ಡಿನ ಪೂರ್ಣ ವಿದ್ಯುತ್ತನ್ನು ತೆರೆಯಲು ಅಪ್ಪಣೆ. ಹೊರಗೆಳೆಯುವಾಗ ಇದೇ ಕ್ರಮ ತಲೆಕೆಳಗಾಗುವುದು: ಗಿಡ್ಡ ಮೊನೆ ಮೊದಲು ಕಳಚುವುದು, ವಿದ್ಯುತ್ತು ಮುಚ್ಚಿಕೊಳ್ಳುವುದು, ಉದ್ದ ಮೊನೆಗಳು ಕೊನೆಗೆ ಬಿಡುವುವು.

ಓದುಗರು ಇದನ್ನು ಪರೀಕ್ಷಿಸಲು ದೂರವಾಣಿ ಕೇಂದ್ರಕ್ಕೆ ಹೋಗಬೇಕಾಗಿಲ್ಲ. ಚೌಕ ಬಾಯಿಯ ಸಾಧಾರಣ ಪೆನ್ ಡ್ರೈವ್ ಒಂದನ್ನು ಕೈಯಲ್ಲಿ ಹಿಡಿದು ಅದರ ಬಾಯಿಯೊಳಗೆ ದೃಷ್ಟಿಯಿಟ್ಟು ನೋಡಿ. ನಾಲ್ಕು ಹೊಂಬಣ್ಣದ ಪಟ್ಟಿಗಳಲ್ಲಿ ಅಂಚಿನ ಎರಡು ಮುಂದಕ್ಕೆ ಚಾಚಿಕೊಂಡಿರುವುವು. ನಡುವಣ ಎರಡು ತುಸು ಹಿಂದಿರುವುವು. ಅಂಚಿನವು ವಿದ್ಯುತ್ತಿನವು, ನಡುವಣವು ಸಂಕೇತದವು. 1996ರಲ್ಲಿ ಹೊರಬಂದ ಯುಎಸ್‌ಬಿ ಎಂಬ ಈ ವ್ಯವಸ್ಥೆ ಹುಟ್ಟಿನಿಂದಲೇ ಚಾಲ್ತಿ ಬದಲಾವಣೆಗಾಗಿ ರೂಪುಗೊಂಡುದು.

ಮೂರನೆಯ ಪಾತ್ರಧಾರಿ: ಕಾರ್ಯಾಚರಣ ವ್ಯವಸ್ಥೆ

ಇಷ್ಟಾದರೆ ಯಂತ್ರಾಂಗದ ಕೆಲಸ ಮುಗಿಯಿತು. ಕಿಡಿ ಹಾರಲಿಲ್ಲ, ತಂತಿ ಕಲಕಲಿಲ್ಲ. ಆದರೂ ಗಣಕವು ಕುಸಿದು ಬೀಳುವ ಸಂಭವ ಉಳಿದೇ ಇದೆ. ಏಕೆಂದರೆ ಬೋರ್ಡು ಬಂದಿತು ಅಥವಾ ಹೋಯಿತು ಎಂಬುದು ಗಣಕವನ್ನಾಳುವ ತಂತ್ರಾಂಶಕ್ಕೆ ತಿಳಿದಿರಬೇಕು. ಹಳೆಯ ಕಾಲದ ಕಾರ್ಯಾಚರಣ ವ್ಯವಸ್ಥೆಗಳು ಗಣಕ ಎದ್ದೊಡನೆ ಒಮ್ಮೆ ಸುತ್ತಲೂ ನೋಡಿ, ಯಾರು ಯಾರು ಇದ್ದಾರೆಂದು ಪಟ್ಟಿ ಮಾಡಿಕೊಂಡು, ಆಮೇಲೆ ಆ ಪಟ್ಟಿಯನ್ನು ಶಿಲಾಶಾಸನದಂತೆ ನಂಬಿಕೊಂಡಿದ್ದುವು. ಚಾಲ್ತಿ ಬದಲಾವಣೆಗೆ ಈ ಶಾಸನವನ್ನು ಅಳಿಸಿ ಬರೆಯಬಲ್ಲ ಹಾಜರಿ ಪುಸ್ತಕವಾಗಿ ಮಾಡಬೇಕಾಗುವುದು.

ಹೊಸ ಬೋರ್ಡು ಬಂದಾಗ ನಡೆಯುವ ಕ್ರಮ ಹೀಗೆ. ಮೊದಲು ಬೋರ್ಡು ಒಂದು ತಂತಿಯ ಮೂಲಕ 'ಬಂದಿದ್ದೇನೆ' ಎಂಬ ಸೂಚನೆ ಕೊಡುವುದು. ವ್ಯವಸ್ಥೆಯು ಬಸ್ಸನ್ನು ಶೋಧಿಸಿ, ಬೋರ್ಡಿನಲ್ಲಿ ಕೊರೆದಿಟ್ಟಿರುವ ತಯಾರಕನ ಸಂಖ್ಯೆಯನ್ನೂ ಸಾಧನದ ಸಂಖ್ಯೆಯನ್ನೂ ಓದುವುದು. ಆಮೇಲೆ ಅದಕ್ಕೆ ಸ್ಮೃತಿಯ ವಿಳಾಸಗಳಲ್ಲಿ ಒಂದು ನಿವೇಶನವನ್ನು ಹಂಚಿಕೊಡುವುದು. ಈ ನಿವೇಶನ ಬೇರೆಯವರ ನಿವೇಶನದ ಮೇಲೆ ಬೀಳಬಾರದು. ಆದುದರಿಂದ ಜಾಣನಾದ ವ್ಯವಸ್ಥಾಪಕನು ಮುಂದೆ ಬರುವವರಿಗಾಗಿ ಮೊದಲೇ ಸ್ವಲ್ಪ ಖಾಲಿ ಜಾಗವನ್ನು ಬಿಟ್ಟಿರುವನು. ಕೊನೆಗೆ ಆ ಸಾಧನದ ಭಾಷೆ ಬಲ್ಲ ಚಾಲಕ ತಂತ್ರಾಂಶವನ್ನು ಕರೆಸಿ, ಬೋರ್ಡನ್ನು ಪರೀಕ್ಷಿಸಿ, ಕೆಲಸಕ್ಕೆ ಹಚ್ಚುವುದು.

ತೆಗೆಯುವುದು ಇದಕ್ಕಿಂತ ಕಠಿಣ. ಬರುವವನಿಗೆ ಹೊರೆಯಿಲ್ಲ, ಹೋಗುವವನ ತಲೆಯ ಮೇಲೆ ಕೆಲಸದ ಹೊರೆ ಇರುವುದು. ಕಾಂಪ್ಯಾಕ್ಟ್ ಪಿಸಿಐ ಬೋರ್ಡಿನ ಹಿಡಿಯಲ್ಲಿ ಒಂದು ಚಿಕ್ಕ ಗುಂಡಿ ಅಡಗಿರುವುದು. ತಂತ್ರಜ್ಞನು ಹಿಡಿಯನ್ನು ಸ್ವಲ್ಪ ಸಡಿಲಿಸಿದೊಡನೆ, ಬೋರ್ಡು ಇನ್ನೂ ಕದಲುವ ಮೊದಲೇ, 'ಇವನನ್ನು ತೆಗೆಯುವರಂತೆ' ಎಂಬ ಸುದ್ದಿ ವ್ಯವಸ್ಥೆಗೆ ಮುಟ್ಟುವುದು. ಆಗ ವ್ಯವಸ್ಥೆ ಮಾಡಬೇಕಾದ ಕೆಲಸಗಳು ಇವು. ಆ ಬೋರ್ಡನ್ನು ಆಶ್ರಯಿಸಿರುವವರು ಯಾರಾದರೂ ಇದ್ದಾರೆಯೆ ಎಂದು ವಿಚಾರಿಸಬೇಕು. ಅದಕ್ಕೆ ಹೊಸ ಕೆಲಸ ಹೋಗದಂತೆ ತಡೆಯಬೇಕು. ಕೈಯಲ್ಲಿರುವ ಕೆಲಸ ಮುಗಿಯುವವರೆಗೆ ಕಾಯಬೇಕು, ಅಥವಾ ಅದನ್ನು ಜೊತೆಗಾರ ಬೋರ್ಡಿಗೆ ಒಪ್ಪಿಸಬೇಕು. ಅದಕ್ಕೆ ಕೊಟ್ಟಿದ್ದ ಜಾಗವನ್ನೂ ಕರೆಗಂಟೆಯನ್ನೂ ಹಿಂದಕ್ಕೆ ಪಡೆಯಬೇಕು. ಇವೆಲ್ಲ ಮುಗಿದ ಮೇಲೆ ಬೋರ್ಡಿನ ಮುಖದ ಮೇಲೆ ಒಂದು ನೀಲಿ ದೀಪ ಬೆಳಗುವುದು. ನೀಲಿ ದೀಪವೆಂದರೆ 'ಇನ್ನು ಎಳೆಯಬಹುದು' ಎಂಬ ಅಪ್ಪಣೆ.

ಈ ಕ್ರಮದಲ್ಲಿ ಒಂದು ಹೆಜ್ಜೆಯನ್ನು ತಪ್ಪಿಸಿದರೆ ಎಂತಹ ಅನಾಹುತವೆಂಬುದಕ್ಕೆ ಒಂದು ನಿದರ್ಶನ. ಅನೇಕ ಬೋರ್ಡುಗಳು ಮುಖ್ಯ ಸಂಸ್ಕಾರಕವನ್ನು ಕೇಳದೆ ನೇರವಾಗಿ ಸ್ಮೃತಿಯಲ್ಲಿ ಬರೆಯಬಲ್ಲವು. ವ್ಯವಸ್ಥೆಯು ಅವಸರದಿಂದ, ಬೋರ್ಡು ಬರೆಯುವುದನ್ನು ನಿಲ್ಲಿಸುವ ಮೊದಲೇ, ಅದರ ಜಾಗವನ್ನು ಕಿತ್ತು ಬೇರೊಂದು ಕಾರ್ಯಕ್ರಮಕ್ಕೆ ಕೊಟ್ಟಿತೆನ್ನಿ. ತಡವಾಗಿ ಬಂದ ಬೋರ್ಡಿನ ಬರಹ ಆ ಕಾರ್ಯಕ್ರಮದ ಲೆಕ್ಕಪತ್ರದ ಮೇಲೆ ಬೀಳುವುದು. ಗಣಕ ಕೂಡಲೆ ನಿಂತರೆ ಪುಣ್ಯ. ನಿಲ್ಲದೆ ತಪ್ಪು ಲೆಕ್ಕವನ್ನೇ ಮುಂದುವರಿಸಿದರೆ ಅದನ್ನು ಪತ್ತೆಹಚ್ಚುವವರು ಯಾರು? ಆದುದರಿಂದ ಮೊದಲು ಬರಹ ನಿಲ್ಲಬೇಕು, ಆಮೇಲೆ ಜಾಗ ಬಿಡುಗಡೆಯಾಗಬೇಕು.

ಯಾರು ಆಶ್ರಯಿಸಿರುವರೆಂದು ತಿಳಿಯುವ ಬಗೆ ನಮ್ಮ ಗ್ರಂಥಾಲಯದ ಬಗೆಯೇ. ಒಂದು ಪುಸ್ತಕದ ಪ್ರತಿಗಳು ಎಷ್ಟು ಮಂದಿಯ ಬಳಿ ಇವೆಯೆಂದು ಗ್ರಂಥಪಾಲರು ಎಣಿಕೆ ಇಟ್ಟಿರುವರು. ಎಲ್ಲವೂ ಹಿಂದಿರುಗಿ ಎಣಿಕೆ ಸೊನ್ನೆಯಾಗುವವರೆಗೆ ಆ ಪುಸ್ತಕದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯೂ ಪ್ರತಿಯೊಂದು ಸಾಧನಕ್ಕೆ ಇಂಥದೊಂದು ಎಣಿಕೆಯನ್ನು ಇಟ್ಟಿರುವುದು. ಪೆನ್ ಡ್ರೈವನ್ನು ತೆಗೆಯಲು ಹೋದಾಗ 'ಈ ಸಾಧನ ಬಳಕೆಯಲ್ಲಿದೆ' ಎಂದು ಗಣಕ ಹಟ ಹಿಡಿಯುವುದನ್ನು ನೀವು ಕಂಡಿರಬಹುದು. ಅದು ಹಟವಲ್ಲ; ಎಣಿಕೆ ಸೊನ್ನೆಯಾಗಿಲ್ಲವೆಂಬ ಪ್ರಾಮಾಣಿಕ ವರದಿ.

ಹೇಳದೆ ಕೇಳದೆ ಎಳೆದರೆ

ಎಲ್ಲರೂ ನಿಯಮವನ್ನು ಪಾಲಿಸುವರೆಂದು ನಂಬಿ ಯಂತ್ರ ಕಟ್ಟಲಾಗದು. ನೀಲಿ ದೀಪಕ್ಕೆ ಕಾಯದೆ ಎಳೆಯುವವರೂ ಇರುವರು. ಆಗ ಚಾಲಕ ತಂತ್ರಾಂಶಕ್ಕೆ ಏನು ಕಾಣಿಸುವುದು? ಪಿಸಿಐ ಬಸ್ಸಿನಲ್ಲಿ ಉತ್ತರ ಕೊಡುವವರು ಯಾರೂ ಇಲ್ಲದ ವಿಳಾಸವನ್ನು ಓದಿದರೆ ಬರುವ ಉತ್ತರ ಸೊನ್ನೆಯಲ್ಲ. ಎಲ್ಲ ಅಂಕಗಳೂ ಒಂದು, ಒಂದು, ಒಂದು. ಚಾಲಕನು 'ಬೋರ್ಡು ಕಾರ್ಯನಿರತ' ಎಂಬ ಅಂಕ ಸೊನ್ನೆಯಾಗಲೆಂದು ಕಾಯುತ್ತಿದ್ದನೆನ್ನಿ. ಬೋರ್ಡೇ ಇಲ್ಲದಿರುವಾಗ ಆ ಅಂಕ ಎಂದೆಂದಿಗೂ ಒಂದೇ. ಬಸ್ಸು ಹೊರಟುಹೋದುದನ್ನು ಅರಿಯದೆ ನಿಲ್ದಾಣದಲ್ಲಿ ಕಾಯುವ ಪ್ರಯಾಣಿಕನಂತೆ ಚಾಲಕನು ಕಾಯುತ್ತಲೇ ಇರುವನು. ಅವನೊಡನೆ ಗಣಕವೂ ಸ್ತಬ್ಧವಾಗಬಹುದು. ಆದುದರಿಂದ ಒಳ್ಳೆಯ ಚಾಲಕ ತಂತ್ರಾಂಶವನ್ನು ಬರೆಯುವವರು ಎರಡು ನಿಯಮಗಳನ್ನು ಪಾಲಿಸುವರು. ಕಾಯುವುದಕ್ಕೆ ಯಾವಾಗಲೂ ಒಂದು ಅವಧಿಯನ್ನು ಗೊತ್ತುಮಾಡಬೇಕು. ಬಂದ ಉತ್ತರ ಎಲ್ಲವೂ ಒಂದಾಗಿದ್ದರೆ 'ಬೋರ್ಡು ಹೋಗಿರಬಹುದೆ?' ಎಂದು ಮೊದಲು ಸಂಶಯಿಸಬೇಕು.

ಇನ್ನೊಂದು ಅಪಾಯವು ತಂತಿಯಲ್ಲಿಯೂ ಇಲ್ಲ, ತಂತ್ರಾಂಶದಲ್ಲಿಯೂ ಇಲ್ಲ, ಮನುಷ್ಯನ ಕೈಯಲ್ಲಿದೆ. ಜೋಡಿ ಬೋರ್ಡುಗಳಲ್ಲಿ ಒಂದು ಕೆಟ್ಟಿರುವಾಗ, ತಂತ್ರಜ್ಞನು ಅವಸರದಲ್ಲಿ ಕೆಟ್ಟುದನ್ನು ಬಿಟ್ಟು ಚೆನ್ನಾಗಿರುವುದನ್ನು ಎಳೆದರೆ ಎಲ್ಲವೂ ಮುಗಿಯಿತು. ಎರಡೂ ಬೋರ್ಡುಗಳು ನೋಡಲು ಒಂದೇ ರೀತಿ ಇರುವುವಾದುದರಿಂದ ಇದು ಅಸಂಭವವಲ್ಲ. ನೀಲಿ ದೀಪವು ಈ ತಪ್ಪನ್ನೂ ತಡೆಯುವುದು: ದೀಪ ಹತ್ತಿರುವ ಬೋರ್ಡನ್ನು ಮಾತ್ರ ಎಳೆಯಬೇಕು.

ಲಾಭವೆಷ್ಟು?

ಇಷ್ಟೆಲ್ಲ ಕಷ್ಟಪಟ್ಟುದಕ್ಕೆ ಸಿಗುವ ಫಲವನ್ನು ಅಳೆಯೋಣ. ಒಂದು ಬೋರ್ಡು ಸರಾಸರಿ 10,000 ಗಂಟೆಗಳಿಗೆ ಒಮ್ಮೆ ಕೆಡುವುದೆಂದೂ, ಜೋಡಿ ಇಲ್ಲವೆಂದೂ, ತಂತ್ರಜ್ಞರು ಬಂದು ಸರಿಪಡಿಸಲು 10 ಗಂಟೆ ಹಿಡಿಯುವುದೆಂದೂ ಭಾವಿಸಿ. ಆಗ ಸಾವಿರ ಗಂಟೆಗೆ ಸುಮಾರು ಒಂದು ಗಂಟೆ ಯಂತ್ರ ನಿಂತಿರುವುದು. ವರ್ಷಕ್ಕೆ ಸುಮಾರು 9 ಗಂಟೆಗಳಾದುವು. ದೂರವಾಣಿಯವರು ಬಯಸುವುದು ನೂರಕ್ಕೆ 99.999ರಷ್ಟು ಸನ್ನದ್ಧತೆಯನ್ನು. ಇದರಂತೆ ವರ್ಷಕ್ಕೆ ನಿಲ್ಲಬಹುದಾದುದು ಕೇವಲ 5 ನಿಮಿಷ ಚಿಲ್ಲರೆ! ನಿಲ್ಲಿಸಿ ದುರಸ್ತಿ ಮಾಡುವ ಯಾವ ವಿಧಾನದಿಂದಲೂ ಇದು ಸಾಧ್ಯವಾಗದು.

ಜೋಡಿ ಇಟ್ಟರೆ ಒಂದು ಕೆಟ್ಟಾಗಲೂ ಯಂತ್ರ ನಡೆಯುವುದು. ಆದರೆ ಉಳಿದ ಒಂದು, ದುರಸ್ತಿ ಮುಗಿಯುವ ಮೊದಲೇ ಕೆಟ್ಟರೆ? ದುರಸ್ತಿಗೆ 10 ಗಂಟೆ ಬೇಕಾದರೆ ಹಾಗಾಗುವ ಸಂಭವ 10,000ದಲ್ಲಿ 10, ಎಂದರೆ ಸಾವಿರದಲ್ಲಿ ಒಂದು. ಬದಲಿ ಬೋರ್ಡು ಕಪಾಟಿನಲ್ಲಿಯೇ ಇದ್ದು, ಚಾಲ್ತಿ ಬದಲಾವಣೆಯಿಂದ ಅರ್ಧ ಗಂಟೆಯಲ್ಲಿ ಕೆಲಸ ಮುಗಿದರೆ ಆ ಸಂಭವ 20,000ದಲ್ಲಿ ಒಂದಕ್ಕೆ ಇಳಿಯುವುದು. ಇನ್ನೂ ಒಂದು ಮಾತುಂಟು. ಯಂತ್ರವನ್ನು ನಿಲ್ಲಿಸಿಯೇ ಬದಲಿಸಬೇಕಾಗಿದ್ದರೆ ಜೋಡಿ ಇಟ್ಟ ಪ್ರಯೋಜನವೇ ದುರಸ್ತಿಯ ಹೊತ್ತಿನಲ್ಲಿ ನಷ್ಟವಾಗುತ್ತಿತ್ತು. ಜೋಡಿ ಮತ್ತು ಚಾಲ್ತಿ ಬದಲಾವಣೆ ಎರಡೂ ಕೂಡಿದಾಗಲೇ ಪೂರ್ಣ ಫಲ.

ರಾಯಚೂರಿನಲ್ಲಿ ನಡೆದ ಮಹಾ ಜೋಡಣೆ

ನಡೆಯುತ್ತಿರುವುದನ್ನು ನಿಲ್ಲಿಸದೆ ಹೊಸದನ್ನು ಸೇರಿಸುವ ಈ ಕಲೆಯ ಅತಿ ದೊಡ್ಡ ನಿದರ್ಶನಗಳಲ್ಲೊಂದು ನಮ್ಮ ಊರಿಗೇ ಸಂಬಂಧಿಸಿದುದು. 2013ನೆಯ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುಜ್ಜಾಲವನ್ನು ಉಳಿದ ಭಾರತದ ಜಾಲಕ್ಕೆ ಏಕತಾಳದಲ್ಲಿ ಜೋಡಿಸಿದರು. ಎರಡೂ ಕಡೆ ಕೋಟ್ಯಂತರ ಮನೆಗಳ ದೀಪಗಳು ಉರಿಯುತ್ತಿದ್ದುವು. ಇಲ್ಲಿಯೂ ಸುಮ್ಮನೆ ತಂತಿ ಮುಟ್ಟಿಸುವಂತಿಲ್ಲ. ಎರಡು ಕಡೆಯ ವಿಭವವೂ, ಸೆಕೆಂಡಿಗೆ 50ರ ಆಸುಪಾಸಿನ ಆವರ್ತನವೂ, ಅಲೆಯ ಏರಿಳಿತದ ಹೆಜ್ಜೆಯೂ ಹೊಂದುವ ಗಳಿಗೆಗೆ ಕಾಯಬೇಕು. ಎರಡು ಅಲೆಗಳು ಎದುರುಬದುರಾಗಿರುವಾಗ ಸೇರಿಸಿದರೆ ನಡುವಣ ಅಂತರ ಒಂದೊಂದರ ವಿಭವದ ಎರಡರಷ್ಟಾಗಿ ಭಯಂಕರ ಪ್ರವಾಹ ನುಗ್ಗುವುದು. ಬೋರ್ಡು ತನ್ನ ಮೊನೆಗಳನ್ನು ಮೊದಲೇ 1 ವೋಲ್ಟಿಗೆ ಏರಿಸಿಕೊಂಡುದನ್ನು ಓದುಗರು ನೆನೆಯಬೇಕು. ಎರಡು ಕಡೆಗಳಲ್ಲಿಯೂ ತತ್ತ್ವ ಒಂದೇ: ಕೂಡುವ ಮೊದಲು ಅಂತರವನ್ನು ತಗ್ಗಿಸಿಕೊಳ್ಳಬೇಕು.

ಕೊನೆಯದಾಗಿ ನಮ್ಮ ವಿದ್ಯಾರ್ಥಿಮಿತ್ರರಿಗೆ ಒಂದು ಎಚ್ಚರಿಕೆ. ಈ ಲೇಖನವನ್ನು ಓದಿ, ಮನೆಯ ಅಥವಾ ಕಾಲೇಜಿನ ಗಣಕದ ಒಳಗಿನ ಕಾರ್ಡನ್ನು ಚಾಲನೆಯಲ್ಲಿರುವಾಗ ಎಳೆಯಲು ಯಾರೂ ಹೋಗಬಾರದು. ಅವುಗಳಲ್ಲಿ ಬಹುಪಾಲಿಗೆ ಮೆಲ್ಲನೆ ತೆರೆಯುವ ದ್ವಾರಪಾಲಕನಿಲ್ಲ, ಹಿಡಿಯಲ್ಲಿ ಗುಂಡಿಯಿಲ್ಲ, ನೀಲಿ ದೀಪವೂ ಇಲ್ಲ. ಅಪಾಯವಿಲ್ಲದ ಪ್ರಯೋಗ ಬೇಕಾದರೆ ಒಂದು ಇದೆ. ಪೆನ್ ಡ್ರೈವಿಗೆ ಒಂದು ದೊಡ್ಡ ಕಡತವನ್ನು ನಕಲು ಮಾಡಿ. ನಕಲು ಮುಗಿಯಿತೆಂದು ತೆರೆ ಹೇಳಿದೊಡನೆ 'ಸುರಕ್ಷಿತವಾಗಿ ತೆಗೆ' ಎಂಬ ಆಜ್ಞೆ ಕೊಡಿ. ಗಣಕವು ಕೆಲವು ವೇಳೆ ಹಲವು ಸೆಕೆಂಡುಗಳ ಕಾಲ ತಡೆಯುವುದನ್ನು ಕಾಣುವಿರಿ. ಸ್ಮೃತಿಯಲ್ಲಿ ಉಳಿದಿದ್ದ ಬರಹವನ್ನು ಅದು ಆಗ ನಿಜವಾಗಿ ಪೆನ್ ಡ್ರೈವಿಗೆ ಇಳಿಸುತ್ತಿರುವುದು. ಆ ಸೆಕೆಂಡುಗಳನ್ನು ಕಾಯದೆ ಕಿತ್ತವರು ವರ್ಷವೆಲ್ಲ ಬರೆದ ಪ್ರಬಂಧವನ್ನು ಕಳೆದುಕೊಂಡುದುಂಟು.

ದೇವದುರ್ಗದ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರದ ಸಾರಾಂಶವಿದು. ಅವನು ಎಲ್ಲವನ್ನೂ ಕೇಳಿ, "ಹಾಗಾದರೆ ಅವರು ಎಳೆಯುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದುದು ದೀಪಕ್ಕಾಗಿಯೇ ಇರಬೇಕು" ಎಂದನು. ನೋಡಿದುದನ್ನು ಅವನು ಚೆನ್ನಾಗಿ ನೋಡಿದ್ದನು. ಮುಂದಿನ ಬಾರಿ ಇಂಥ ಯಂತ್ರದ ಮುಂದೆ ನಿಲ್ಲುವ ಅವಕಾಶ ದೊರೆತಾಗ ನಮ್ಮ ಓದುಗರೂ ಎಳೆಯುವ ಕೈಯನ್ನಲ್ಲ, ಕಾಯುವ ಕೈಯನ್ನು ಗಮನಿಸುವರೆಂದು ನಂಬುತ್ತೇವೆ.